ಒಂಬತ್ತು ಹಾಡು, ಹದಿನೇಳು ತಿಂಗಳು

ಮೊನ್ನೆ ರಾತ್ರಿ ಮೊದಲ ರಾಯಲ್ಟಿ ರಿಪೋರ್ಟ್, ಅಂದರೆ ಹಾಡಿನಿಂದ ಬಂದ ಹಣದ ಲೆಕ್ಕ, ಬಂತು. ನನ್ನ ರ‍್ಯಾಪ್ ಆಲ್ಬಮ್ ಹೊರಬಂದು ಮೂರು ತಿಂಗಳಾದ ಮೇಲೆ. ಒಂಬತ್ತು ಹಾಡು, 31 ನಿಮಿಷ. ಬೀಟ್ (ಹಾಡಿನ ಹಿಂದಿನ ಸಂಗೀತ) ನನ್ನದು, ಒಂದು ಹಾಡಿನಲ್ಲಿ ಗೆಳೆಯನ ಭಾಗ ಬಿಟ್ಟರೆ ಸಾಲು ನನ್ನದು, ದನಿ ನನ್ನದು, ಎಲ್ಲ ಸದ್ದುಗಳನ್ನು ಹದವಾಗಿ ಬೆರೆಸುವ ಮಿಕ್ಸಿಂಗ್ ಕೂಡ ನಾನೇ ಮಾಡಿದ್ದು. ಬಿಡುಗಡೆಗೆ ಮೊದಲು ಹಾಡಿಗೆ ಕೊನೆಯ ಹದ ಕೊಡುವ ಮಾಸ್ಟರಿಂಗ್ ಒಂದನ್ನು ಮಾತ್ರ ಹೊರಗೆ ಕೊಟ್ಟೆ.

ಶುರು ಮಾಡುವಾಗ ನಾಲ್ಕು ತಿಂಗಳಲ್ಲಿ ಮುಗಿಯುತ್ತದೆ ಅಂದುಕೊಂಡಿದ್ದೆ. ಹಿಡಿದದ್ದು ಹದಿನೇಳು. ಉಳಿದ ಹದಿಮೂರು ತಿಂಗಳು ಎಲ್ಲಿಗೆ ಹೋದವು ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಬೀಟ್ ಮಾಡುವುದು ಹೇಗೆ, ಪ್ರಾಸ ಕೂರಿಸುವುದು ಹೇಗೆ ಅಂತ ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಹಾಡು ಆದ ಮೇಲೆ ಎಲ್ಲೆಲ್ಲಿ ಸಿಕ್ಕಿಹಾಕಿಕೊಳ್ಳುತ್ತೀಯ ಅಂತ ಮಾತ್ರ ನನಗೆ ಯಾರೂ ಹೇಳಿರಲಿಲ್ಲ.

ಮೊದಲ ಎರಡು ತಿಂಗಳು ಬರೀ ಖುಷಿ. ದಿನಕ್ಕೊಂದು ಬೀಟ್ ಮಾಡುತ್ತಿದ್ದೆ. ಒಂದು ದಿನ ಕೂತು ಎಣಿಸಿದೆ. ಫೋಲ್ಡರ್‌ನಲ್ಲಿ 63 ಬೀಟ್. ಪೂರ್ತಿ ಸಾಲು ಬರೆದದ್ದು ಒಂದಕ್ಕೂ ಇಲ್ಲ. ಹೊಸ ಬೀಟ್ ಶುರು ಮಾಡುವುದರಲ್ಲಿ ಒಂದು ಸುಖ ಇದೆ, ಅದು ಇನ್ನೂ ಎಲ್ಲೂ ಕೆಟ್ಟಿರುವುದಿಲ್ಲ. ಹಳೆಯದನ್ನು ತೆರೆದರೆ ಎರಡನೇ ವರ್ಸ್ (ಚರಣ) ಇಲ್ಲ, ಹುಕ್ (ಮತ್ತೆ ಮತ್ತೆ ಬರುವ ಪಲ್ಲವಿ) ಸಪ್ಪೆ, ಕಿಕ್ (ದಪ್ಪ ಡ್ರಮ್ಮಿನ ಪೆಟ್ಟು) ಸರಿ ಇಲ್ಲ. ಹಾಗಾಗಿ ಅದನ್ನು ಮುಚ್ಚಿ ಇನ್ನೊಂದು ಹೊಸದು.

1987ರಲ್ಲಿ ಬಂದ ಎಸ್‌ಪಿ-1200 ಅನ್ನುವ, ರೆಕಾರ್ಡಿನಿಂದ ಸದ್ದಿನ ತುಣುಕು ಹಿಡಿದು ಬೀಟ್ ಕಟ್ಟುವ ಯಂತ್ರದಲ್ಲಿ ಒಟ್ಟು ಹತ್ತು ಸೆಕೆಂಡಿನಷ್ಟು ಸದ್ದು ಮಾತ್ರ ಹಿಡಿಸುತ್ತಿತ್ತು. ಜಾಗ ಉಳಿಸಲು ಅಂದಿನವರು ನಿಮಿಷಕ್ಕೆ 33 ಸುತ್ತಿನ ರೆಕಾರ್ಡನ್ನು 45 ಸುತ್ತಿನ ವೇಗದಲ್ಲಿ ಓಡಿಸಿ ಹಿಡಿದು, ಆಮೇಲೆ ಯಂತ್ರದೊಳಗೆ ನಿಧಾನ ಮಾಡುತ್ತಿದ್ದರು. ಅಷ್ಟರಲ್ಲೇ ಪೂರ್ತಿ ಹಾಡು ಕಟ್ಟುತ್ತಿದ್ದರು. ನನ್ನ ಲ್ಯಾಪ್‌ಟಾಪಿನಲ್ಲಿ ಎಷ್ಟು ಟ್ರ್ಯಾಕ್ ಬೇಕಾದರೂ ಹಾಕಬಹುದು. ಸಾಕು ಅಂತ ಅದು ಯಾವತ್ತೂ ಹೇಳುವುದಿಲ್ಲ. ಎಲ್ಲ ಕೆಲಸವನ್ನೂ ಒಬ್ಬನೇ ಮಾಡುವವನ ದೊಡ್ಡ ತೊಂದರೆ ಇದು: ನಿಲ್ಲಿಸು ಅನ್ನುವವರು ಪಕ್ಕದಲ್ಲಿ ಇರುವುದಿಲ್ಲ.

ಕೊನೆಗೆ ಗೋಡೆಗೆ ಒಂದು ಹಾಳೆ ಅಂಟಿಸಿ ಹದಿನಾಲ್ಕು ಹೆಸರು ಬರೆದೆ. ಇವು ಮುಗಿಯುವ ತನಕ ಹೊಸ ಬೀಟ್ ಇಲ್ಲ. ಹದಿನಾಲ್ಕು ಆಮೇಲೆ ಹನ್ನೊಂದಾಯಿತು, ಒಂಬತ್ತಕ್ಕೆ ಬಂದು ನಿಂತಿತು. ಆಲ್ಬಮ್ ಅನ್ನಲು ಎಷ್ಟು ಹಾಡು ಬೇಕು ಅಂತ ನನಗೂ ಗೊಂದಲ ಇತ್ತು. ಆಪಲ್ ಮ್ಯೂಸಿಕ್‌ನ ಲೆಕ್ಕದಲ್ಲಿ ನಾಲ್ಕರಿಂದ ಆರು ಹಾಡು ಇದ್ದು ಒಟ್ಟು 30 ನಿಮಿಷದೊಳಗೆ ಮುಗಿದರೆ ಅದು ಇಪಿ, ಅಂದರೆ ಚಿಕ್ಕ ಆಲ್ಬಮ್. ಏಳು ಅಥವಾ ಅದಕ್ಕಿಂತ ಜಾಸ್ತಿ ಹಾಡು ಇದ್ದರೆ ಆಲ್ಬಮ್. ಹಾಡಿನ ಉದ್ದದ ಲೆಕ್ಕ ಬೇಕಿದ್ದರೆ: 90 ಬಿಪಿಎಂನಲ್ಲಿ (ನಿಮಿಷಕ್ಕೆ 90 ತಾಳದ ಪೆಟ್ಟು) 16 ಬಾರ್ (ನಾಲ್ಕು ಪೆಟ್ಟಿಗೆ ಒಂದು ಬಾರ್) ಅಂದರೆ ಸುಮಾರು 43 ಸೆಕೆಂಡ್. ಎರಡು ವರ್ಸ್, ಎಂಟು ಬಾರ್‌ನ ಹುಕ್ ಮೂರು ಸಲ, ಹಿಂದೆ ಮುಂದೆ ಸ್ವಲ್ಪ ಖಾಲಿ ಬೀಟ್. ಮೂರು ನಿಮಿಷ ಆಯಿತು. ಇದನ್ನು ಮೊದಲೇ ಲೆಕ್ಕ ಹಾಕಿದ್ದರೆ ಹದಿನಾಲ್ಕು ಹಾಡಿನ ಆಸೆಗೆ ಬೀಳುತ್ತಿರಲಿಲ್ಲ.

ಈಗ ಆರನೇ ಹಾಡಿನ ಕಥೆ. ಇಡೀ ಆಲ್ಬಮ್‌ನಲ್ಲಿ ನನ್ನನ್ನು ಅತಿ ಜಾಸ್ತಿ ಗೋಳಾಡಿಸಿದ್ದು ಇದೇ.

ಒಂದು ಹಳೇ ರೆಕಾರ್ಡ್‌ನಲ್ಲಿ ಎರಡು ಬಾರ್ ಕೊಳಲು ಇತ್ತು. ಅದನ್ನು ಕತ್ತರಿಸಿ, ಒಂದು ಸ್ವರ ಕೆಳಗಿಳಿಸಿ, ತುದಿಯನ್ನು ಹಿಂದುಮುಂದು ಮಾಡಿ, ಮತ್ತೆ ಮತ್ತೆ ತಿರುಗುವ ಲೂಪ್ ಮಾಡಿದೆ. ಮೊದಲ ಸಲ ಕೇಳಿದಾಗಲೇ ಮೈ ಜುಮ್ಮೆಂದಿತು. ಅವತ್ತು ರಾತ್ರಿ ಒಂದೇ ಕೂತಿನಲ್ಲಿ ಎರಡು ವರ್ಸ್ ಬರೆದೆ. ಇಡೀ ಆಲ್ಬಮ್ ಈ ಹಾಡಿನ ಸುತ್ತ ನಿಲ್ಲುತ್ತದೆ ಅಂತ ತೀರ್ಮಾನವನ್ನೂ ಮಾಡಿಬಿಟ್ಟೆ.

ಅನುಮತಿ ಅನ್ನುವ ಪದ ತಲೆಯಲ್ಲೇ ಇರಲಿಲ್ಲ. ಹಿಪ್ ಹಾಪ್ ಶುರುವಾದದ್ದೇ ಬೇರೆಯವರ ರೆಕಾರ್ಡ್ ಮೇಲಲ್ವಾ? 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನ ಪಾರ್ಟಿಯೊಂದರಲ್ಲಿ ಡಿಜೆ ಕೂಲ್ ಹರ್ಕ್ ರೆಕಾರ್ಡ್ ಹಾಕಿದ್ದನ್ನೇ ಇದರ ಹುಟ್ಟುದಿನ ಅನ್ನುತ್ತಾರೆ. ಅದೇ ಹೆಮ್ಮೆಯಲ್ಲಿದ್ದೆ. ಆದರೆ 1991ರಲ್ಲಿ ಅಮೆರಿಕದ ಕೋರ್ಟೊಂದು, ರ‍್ಯಾಪರ್ ಬಿಜ್ ಮಾರ್ಕಿ ಬಳಸಿದ್ದ ಸ್ಯಾಂಪಲ್ (ಬೇರೆಯವರ ರೆಕಾರ್ಡಿನಿಂದ ಕತ್ತರಿಸಿದ ತುಣುಕು) ಬಗ್ಗೆ ಕೊಟ್ಟ ತೀರ್ಪು ಶುರುವಾಗುವುದೇ 'ಕದಿಯಬೇಡ' ಅನ್ನುವ ಬೈಬಲ್‌ನ ಮಾತಿನಿಂದ. 2005ರಲ್ಲಿ ಅಲ್ಲಿನ ಇನ್ನೊಂದು ಕೋರ್ಟ್, ಲೈಸೆನ್ಸ್ ತಗೊಳ್ಳಿ, ಇಲ್ಲವಾದರೆ ಸ್ಯಾಂಪಲ್ ಮಾಡಲೇಬೇಡಿ ಅಂದಿತು. 2016ರಲ್ಲಿ ಮತ್ತೊಂದು ಕೋರ್ಟ್, ಗುರುತೇ ಸಿಗದಷ್ಟು ಚಿಕ್ಕ ತುಣುಕಾದರೆ ತೊಂದರೆ ಇಲ್ಲ ಅಂತ ಬೇರೆ ದಾರಿ ಹಿಡಿಯಿತು. ಅಲ್ಲಿನ ಕೋರ್ಟ್‌ಗಳೇ ಒಂದು ಮಾತಿಗೆ ಬಂದಿಲ್ಲ. 'ಆರು ಸೆಕೆಂಡಿಗಿಂತ ಕಮ್ಮಿ ಇದ್ದರೆ ಏನೂ ಆಗಲ್ಲ' ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹಾಗೆ ಸೆಕೆಂಡಿನ ಲೆಕ್ಕದ ನಿಯಮ ಇಲ್ಲ.

ಕೇಳಬೇಕಾದದ್ದು ಎರಡು ಕಡೆ. ಆ ಧ್ವನಿಮುದ್ರಣ ಯಾರದೋ ಅವರನ್ನು. ಆ ರಾಗ ಕಟ್ಟಿದವರು ಯಾರೋ ಅವರನ್ನು, ಅಥವಾ ಅವರ ಹಕ್ಕು ನೋಡಿಕೊಳ್ಳುವ ಪಬ್ಲಿಷರನ್ನು. ಎರಡೂ ಬೇರೆ ಬೇರೆ ಹಕ್ಕು. ಒಬ್ಬರು ಹೂಂ ಅಂದು ಇನ್ನೊಬ್ಬರು ಸುಮ್ಮನಿದ್ದರೆ ಅದು ಅನುಮತಿ ಅಲ್ಲ. ಎರಡೂ ಕಡೆಗೆ ಹಾಡು, ಸ್ಯಾಂಪಲ್ ಬಂದ ಜಾಗದ ನಿಮಿಷ ಸೆಕೆಂಡ್, ಎಷ್ಟು ಸಲ ಬರುತ್ತದೆ ಅನ್ನುವ ವಿವರ ಎಲ್ಲ ಹಾಕಿ ಮೇಲ್ ಮಾಡಿದೆ. ಹನ್ನೊಂದು ವಾರ ಕಾದೆ. ಬೆಳಗ್ಗೆ ಎದ್ದ ತಕ್ಷಣ ಇನ್‌ಬಾಕ್ಸ್ ನೋಡುವುದು ಚಟವೇ ಆಗಿಹೋಯಿತು. ಕೊನೆಗೆ ಒಂದು ಕಡೆಯಿಂದ ಉತ್ತರ ಬಂತು. ಅವರು ಕೇಳಿದ ಮುಂಗಡ ನನ್ನ ಇಡೀ ಆಲ್ಬಮ್‌ಗೆ ಇಟ್ಟುಕೊಂಡಿದ್ದ ಹಣಕ್ಕಿಂತ ಜಾಸ್ತಿ. ಇನ್ನೊಂದು ಕಡೆಯಿಂದ ಇವತ್ತಿಗೂ ಉತ್ತರ ಇಲ್ಲ.

ಅದೇ ರಾಗವನ್ನು ಬೇರೆ ಯಾರಿಂದಲಾದರೂ ನುಡಿಸಿದರೆ? ಆಗ ಧ್ವನಿಮುದ್ರಣದ ಹಕ್ಕಿನ ತಕರಾರು ತಪ್ಪುತ್ತದೆ, ರಾಗದ್ದು ಹಾಗೇ ಉಳಿಯುತ್ತದೆ. ಹತ್ತು ದಿನ ಆ ಪ್ರಾಜೆಕ್ಟ್ ಫೈಲ್ ತೆರೆಯಲೇ ಇಲ್ಲ. ಹನ್ನೊಂದನೇ ದಿನ ಕೊಳಲು ಅಳಿಸಿದೆ. ಬರೀ ಡ್ರಮ್ ಮತ್ತು ನನ್ನ ದನಿ ಉಳಿಯಿತು, ಪಾತ್ರೆ ಸಾಮಾನು ಎಲ್ಲ ಸಾಗಿಸಿದ ಮನೆ ಥರ. ಹೊಸ ರಾಗ ಕಟ್ಟುವ ಶಕ್ತಿ ಇರಲಿಲ್ಲ. ಕಾಸು ಕೊಟ್ಟು ತೆಗೆದುಕೊಂಡಿದ್ದ ರೆಡಿಮೇಡ್ ತುಣುಕುಗಳ ಒಂದು ಲೂಪ್ ಪ್ಯಾಕ್‌ನಲ್ಲಿ ಸುಮಾರಾಗಿ ಹೊಂದುವ ಕೊಳಲಿನ ತುಣುಕು ಸಿಕ್ಕಿತು, ಹಾಕಿದೆ. ರಾಯಲ್ಟಿ ಇಲ್ಲ, ಲೈಸೆನ್ಸ್ ಇದೆ, ತಲೆನೋವು ಮುಗಿಯಿತು ಅಂದುಕೊಂಡೆ. ಮುಗಿದಿರಲಿಲ್ಲ, ಅದನ್ನು ಆಮೇಲೆ ಹೇಳುತ್ತೇನೆ.

ಈ ನಡುವೆ ದನಿ ರೆಕಾರ್ಡಿಂಗ್. ಸ್ಟುಡಿಯೋ ಬಾಡಿಗೆಗೆ ದುಡ್ಡಿಲ್ಲ. ಬಟ್ಟೆ ತುಂಬಿದ ಬೀರು ಬಾಗಿಲು ತೆಗೆದು, ಅದರ ಮುಂದೆ ನಿಂತು, ಬೆನ್ನ ಹಿಂದೆ ಎರಡು ದಪ್ಪ ಕಂಬಳಿ ನೇತುಹಾಕಿಕೊಂಡು ಹಾಡಿದೆ. ಫ್ಯಾನ್ ಆಫ್, ಕಿಟಕಿ ಬಂದ್. ಮೂರನೇ ಟೇಕ್ ಹೊತ್ತಿಗೆ ಅಂಗಿ ಒದ್ದೆ. ಮೈಕ್‌ನಿಂದ ಒಂದು ಗೇಣು ದೂರ, ಬಾಯಿಗೆ ನೇರವಾಗಿ ಅಲ್ಲ, ಸ್ವಲ್ಪ ಓರೆ. ನೇರ ನಿಂತರೆ 'ಪ', 'ಬ' ಬಂದಾಗೆಲ್ಲ ಡುಬ್ ಅನ್ನುತ್ತದೆ. 'ಭ' ಬಂದರಂತೂ ಕೇಳಲೇ ಬೇಡಿ. ಮಟ್ಟವನ್ನು ಮೈನಸ್ 10 ಡೆಸಿಬಲ್ ಆಸುಪಾಸಿನಲ್ಲಿ ಇಟ್ಟುಕೊಂಡರೆ ಸಾಕು. 24 ಬಿಟ್‌ನಲ್ಲಿ ರೆಕಾರ್ಡ್ ಮಾಡುವಾಗ ಕೆಂಪು ದೀಪಕ್ಕೆ ಮುಟ್ಟಿಸುವ ಅಗತ್ಯವೇ ಇಲ್ಲ. ಒಮ್ಮೆ ಒಡೆದ ದನಿಯನ್ನು ಆಮೇಲೆ ಸರಿ ಮಾಡುವುದು ಕಷ್ಟ.

ನಾನು ಮಾಡಿದ ತಪ್ಪು: ಒಂದೇ ಹಾಡನ್ನು ಮೂರು ದಿನಗಳಲ್ಲಿ ರೆಕಾರ್ಡ್ ಮಾಡಿದ್ದು. ಮೊದಲ ವರ್ಸ್ ರಾತ್ರಿ, ಎರಡನೆಯದು ಬೆಳಗ್ಗೆ ಎದ್ದ ಕೂಡಲೇ, ಹುಕ್ ಒಂದು ನೆಗಡಿಯ ಸಂಜೆ. ಜೋಡಿಸಿ ಕೇಳಿದರೆ ಮೂವರು ಗಂಡಸರು ಸೇರಿ ಹಾಡಿದ ಹಾಗಿತ್ತು. ಎಲ್ಲ ಮತ್ತೆ ಮಾಡಿದೆ. ಅವತ್ತಿನಿಂದ ನೆಲಕ್ಕೆ ಟೇಪ್ ಅಂಟಿಸಿ ಪಾದ ಇಡುವ ಜಾಗ ಗುರುತು ಹಾಕಿದೆ, ಗೇನ್ (ಮೈಕಿನ ಸದ್ದು ಹಿಗ್ಗಿಸುವ ಮಟ್ಟ) ಎಷ್ಟಿತ್ತು ಅಂತ ಪುಸ್ತಕದಲ್ಲಿ ಬರೆದಿಟ್ಟೆ. ಒಂದು ಹಾಡು ಒಂದೇ ಕೂತಿಗೆ. ಆಗದಿದ್ದರೆ ಕನಿಷ್ಠ ಅದೇ ಹೊತ್ತಿಗೆ.

ನಾಲ್ಕನೇ ಹಾಡಿಗೆ ಗೆಳೆಯನೊಬ್ಬ ಹುಕ್ ಬರೆದು ಹಾಡಿದ, ಒಂದು ವರ್ಸ್ ಕೂಡ ಕೊಟ್ಟ. ಅವನ ಮನೆಯಲ್ಲೇ ರೆಕಾರ್ಡ್ ಮಾಡಿ ಕಳಿಸಿದ. ಹಾಕಿ ಕೇಳಿದರೆ ದನಿ ಭಾರ, ಸಾಲು ಬೀಟ್‌ನಿಂದ ಹಿಂದೆ ಹಿಂದೆ ಬೀಳುತ್ತಿದೆ. 'ಮಗಾ, ನಿದ್ದೆಗಣ್ಣಲ್ಲಿ ಹಾಡಿದ್ಯಾ?' ಅಂತ ಕೇಳಿದೆ. ಅವನಿಗೆ ಸಿಟ್ಟು ಬಂತು. ಮತ್ತೆ ಹಾಡಿ ಕಳಿಸಿದ. ಮತ್ತೆ ಅದೇ. ಎರಡು ದಿನ ಆದ ಮೇಲೆ ಗೊತ್ತಾಯಿತು. ಅವನ ಫೈಲಿನ ಸ್ಯಾಂಪಲ್ ರೇಟ್ (ಸದ್ದನ್ನು ಸೆಕೆಂಡಿಗೆ ಎಷ್ಟು ಸಲ ಅಳೆದು ದಾಖಲಿಸುತ್ತದೆ ಅನ್ನುವ ಲೆಕ್ಕ) 48 ಕಿಲೋಹರ್ಟ್ಸ್, ನನ್ನ ಪ್ರಾಜೆಕ್ಟಿನದು 44.1. ಬದಲಾಯಿಸದೆ ಹಾಗೇ ಓಡಿಸಿದರೆ ದನಿ ಸುಮಾರು ಒಂದೂವರೆ ಸೆಮಿಟೋನ್ (ಅರ್ಧ ಸ್ವರ) ಕೆಳಗಿಳಿಯುತ್ತದೆ, ನಿಧಾನವೂ ಆಗುತ್ತದೆ. ಪಾಪ, ಅವನದೇನೂ ತಪ್ಪಿರಲಿಲ್ಲ. ಯಾರಿಂದಲಾದರೂ ವರ್ಸ್ ತರಿಸಿಕೊಳ್ಳುವಾಗ ಬಿಪಿಎಂ ಜೊತೆಗೆ ಸ್ಯಾಂಪಲ್ ರೇಟ್ ಕೂಡ ಬರೆದು ಕಳಿಸಿ, ಮತ್ತು ಫೈಲ್ ಹಾಡಿನ ಮೊದಲ ಸೆಕೆಂಡಿನಿಂದಲೇ ಶುರುವಾಗಲಿ ಅಂತ ಹೇಳಿ. ಆಗ ಎಲ್ಲಿ ಕೂರಿಸಬೇಕು ಅಂತ ಹುಡುಕುವ ಕೆಲಸ ಇರುವುದಿಲ್ಲ.

ಇದಕ್ಕಿಂತ ದೊಡ್ಡ ತಪ್ಪು ಅದೇ ದಿನ ಮಾಡಿದ್ದೆ, ಗೊತ್ತಾಗಿದ್ದು ಏಳು ತಿಂಗಳ ನಂತರ. ಯಾರ ಪಾಲು ಎಷ್ಟು ಅಂತ ಬರೆದುಕೊಂಡಿರಲಿಲ್ಲ. ಸ್ಪ್ಲಿಟ್ ಶೀಟ್ ಅನ್ನುತ್ತಾರೆ, ಒಂದೇ ಒಂದು ಪುಟ. ಹಾಡಿನ ಹೆಸರು, ಬರೆದವರ ಅಸಲಿ ಹೆಸರು, ಶೇಕಡಾ ಎಷ್ಟು, ಸಹಿ, ದಿನಾಂಕ. ಅಷ್ಟೇ. 'ನಮ್ಮ ನಡುವೆ ಪೇಪರ್ ಯಾಕೋ?' ಅಂತ ಅವನೂ ಅಂದಿದ್ದ, ನಾನೂ ನಕ್ಕಿದ್ದೆ. ಡಿಸ್ಟ್ರಿಬ್ಯೂಟರ್ ಫಾರ್ಮ್ ತುಂಬುವಾಗ ಆ ಜಾಗ ಬಂತು. ಫೋನ್ ಮಾಡಿದೆ.

'ಅರ್ಧ ಅರ್ಧ ಅಲ್ವಾ ಮಗಾ?' ಅಂದ.

'ಸಾಲಲ್ಲಿ ಅರ್ಧ ಕಣೋ. ಬೀಟ್ ನಂದು.'

'ಬೀಟ್ ಯಾರು ಹಾಡ್ಕೋತಾರೆ ಲೋ? ಜನಕ್ಕೆ ನೆನಪಿರೋದು ಹುಕ್.'

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಅದಕ್ಕೇ ನನಗೆ ಜಾಸ್ತಿ ಸಿಟ್ಟು ಬಂತು. ಎರಡು ವಾರ ಮಾತಿಲ್ಲ. ಹಿಪ್ ಹಾಪ್‌ನಲ್ಲಿ ಸಾಮಾನ್ಯವಾಗಿ ಬೀಟ್‌ಗೆ ಅರ್ಧ, ಸಾಲಿಗೆ ಅರ್ಧ ಅಂತ ಇಟ್ಟುಕೊಳ್ಳುತ್ತಾರೆ. ಅದು ರೂಢಿ, ಕಾನೂನಲ್ಲ. ಇಬ್ಬರೂ ಒಪ್ಪಿದ್ದು ಏನೋ ಅದೇ ನಿಯಮ. ಕೊನೆಗೆ ಅವನಿಗೆ 35, ನನಗೆ 65 ಅಂತ ಆಯಿತು. ಇದೇ ಮಾತನ್ನು ರೆಕಾರ್ಡ್ ಮಾಡಿದ ದಿನ ಆಡಿದ್ದರೆ ಐದು ನಿಮಿಷದ ಕೆಲಸ. ಹಾಡು ಮುಗಿದು ಎಲ್ಲರಿಗೂ ಇಷ್ಟ ಆದ ಮೇಲೆ ಪಾಲಿನ ಮಾತು ಆಡಿದರೆ ಅದು ಜಗಳ.

ಮಿಕ್ಸಿಂಗ್‌ಗೆ ನಾಲ್ಕು ತಿಂಗಳು ಹೋಯಿತು. ಇದರ ಬಗ್ಗೆ ಹೇಳಿಕೊಳ್ಳಲು ನಾಚಿಕೆ. ಎರಡನೇ ಹಾಡಿನ 27 ಆವೃತ್ತಿ ಇದ್ದವು. 'ಫೈನಲ್', 'ಫೈನಲ್ 2', 'ಇದೇ ಫೈನಲ್', 'ಇದೇ ಫೈನಲ್ ಕಿಕ್ ಜಾಸ್ತಿ'. 808 ಅನ್ನುವ ಆಳದ ಬೇಸ್ ಮತ್ತು ಕಿಕ್ ಎರಡೂ ಒಂದೇ ಜಾಗದಲ್ಲಿ ಗುದ್ದಾಡುತ್ತಿದ್ದವು. ಹೆಡ್‌ಫೋನ್‌ನಲ್ಲಿ ಎದೆ ನಡುಗಿಸುತ್ತಿದ್ದ ಬೇಸ್ ಫೋನ್ ಸ್ಪೀಕರ್‌ನಲ್ಲಿ ಮಾಯ. ಫೋನಿನ ಪುಟ್ಟ ಸ್ಪೀಕರ್‌ಗೆ 50 ಹರ್ಟ್ಸ್ ಸದ್ದು ಹೊರಡಿಸುವ ಶಕ್ತಿ ಇಲ್ಲ. ಆದರೆ ಜಾಸ್ತಿ ಜನ ಹಾಡು ಕೇಳುವುದು ಅದರಲ್ಲೇ. 808ಕ್ಕೆ ಸ್ವಲ್ಪ ಸ್ಯಾಚುರೇಶನ್ (ಸದ್ದನ್ನು ಹದವಾಗಿ ಒಡೆಯಿಸುವುದು) ಹಾಕಿದರೆ ಅದೇ ಸ್ವರದ ಮೇಲಿನ ಪಟ್ಟಿನ ಹಾರ್ಮೋನಿಕ್‌ಗಳು ಹುಟ್ಟುತ್ತವೆ, ಅವು ಫೋನಿನಲ್ಲೂ ಕೇಳುತ್ತವೆ, ಕೆಳಗಿನ ಸ್ವರವನ್ನು ಕಿವಿ ತಾನೇ ತುಂಬಿಕೊಳ್ಳುತ್ತದೆ. ಇದು ಗೊತ್ತಾಗಲು ನನಗೆ ಆರು ವಾರ ಬೇಕಾಯಿತು.

ಅಕ್ಕನಿಗೆ ರ‍್ಯಾಪ್ ಅಂದರೆ ಅಷ್ಟಕ್ಕಷ್ಟೇ. ಒಂದು ಭಾನುವಾರ ಬಲವಂತ ಮಾಡಿ ಕೂರಿಸಿ 'ಇದೇ ಫೈನಲ್ ಕಿಕ್ ಜಾಸ್ತಿ' ಕೇಳಿಸಿದೆ. ಮುಗಿದ ಮೇಲೆ, 'ಚೆನ್ನಾಗಿದೆ ಕಣೋ. ಆದ್ರೆ ನೀನು ಏನು ಹೇಳ್ತಿದೀಯ ಅಂತ ಒಂದೂ ಗೊತ್ತಾಗ್ಲಿಲ್ಲ' ಅಂದಳು. ನಾಲ್ಕು ತಿಂಗಳು ನಾನು ಕೇಳುತ್ತಿದ್ದದ್ದು ಕಿಕ್‌ ಮಾತ್ರ. ಸಾಲುಗಳು ನನಗೆ ಬಾಯಿಪಾಠ ಆಗಿದ್ದರಿಂದ ಎಷ್ಟು ಸಣ್ಣಗಿದ್ದರೂ ನನ್ನ ಕಿವಿಗೆ ಸ್ಪಷ್ಟವಾಗಿ ಕೇಳುತ್ತಿದ್ದವು. ಅವತ್ತೇ ಎಲ್ಲ ಹಾಡುಗಳಲ್ಲೂ ದನಿಯನ್ನು ಎರಡು ಡೆಸಿಬಲ್ ಏರಿಸಿದೆ. ಅರ್ಧ ಸಮಸ್ಯೆ ಅಲ್ಲೇ ಬಗೆಹರಿಯಿತು. ಉಳಿದರ್ಧಕ್ಕೆ ಒಂದು ಗಡುವು ಹಾಕಿಕೊಂಡೆ: ಹಾಡಿಗೆ ಮೂರು ದಿನ, ಮುಗಿಯಲಿ ಬಿಡಲಿ ಮುಂದಿನದಕ್ಕೆ. ಕಿವಿ ದಣಿದ ಮೇಲೆ ಮಾಡಿದ ಬದಲಾವಣೆಗಳನ್ನು ಮಾರನೇ ಬೆಳಗ್ಗೆ ಹೆಚ್ಚುಕಮ್ಮಿ ಎಲ್ಲವನ್ನೂ ವಾಪಸ್ ತೆಗೆಯುತ್ತಿದ್ದೆ.

ಮಾಸ್ಟರಿಂಗ್ ಹೊರಗೆ ಕೊಟ್ಟದ್ದು ಇದೇ ಕಾರಣಕ್ಕೆ. ಇಡೀ ದಾರಿಯಲ್ಲಿ ಒಬ್ಬರಾದರೂ ಬೇರೆಯವರ ಕಿವಿ ಬೇಕಿತ್ತು. 24 ಬಿಟ್ ವೇವ್ ಫೈಲ್, ಮಾಸ್ಟರ್ ಟ್ರ್ಯಾಕ್ ಮೇಲಿದ್ದ ಲಿಮಿಟರ್ (ಸದ್ದನ್ನು ಹಿಂಡಿ ಜೋರು ಮಾಡುವುದು) ತೆಗೆದು ಕಳಿಸಿದೆ. ನಾನು ಕೇಳಿದ ಮೊದಲ ಮಾತು 'ಆದಷ್ಟು ಲೌಡ್ ಮಾಡಿಕೊಡಿ'. ಮಾಸ್ಟರಿಂಗ್ ಮಾಡುವವರು ನಗುತ್ತಾ ಬೇಡ ಅಂದರು. ಸ್ಪಾಟಿಫೈ ತನ್ನ ಮಾಮೂಲಿ ಸೆಟ್ಟಿಂಗ್‌ನಲ್ಲಿ ಎಲ್ಲ ಹಾಡನ್ನೂ ಸರಾಸರಿ ಜೋರಿನ ಅಳತೆಯಲ್ಲಿ ಮೈನಸ್ 14 ಎಲ್‌ಯುಎಫ್‌ಎಸ್ ಮಟ್ಟಕ್ಕೆ ತಂದು ಕೇಳಿಸುತ್ತದೆ. ಹಿಂಡಿ ಹಿಂಡಿ ಜೋರು ಮಾಡಿದ ಹಾಡನ್ನು ಅದು ಮತ್ತೆ ತಗ್ಗಿಸುತ್ತದೆ, ಹಿಂಡಿದ ಗಾಯ ಮಾತ್ರ ಉಳಿಯುತ್ತದೆ. ಹಾಗಂತ ಮೈನಸ್ 14ಕ್ಕೇ ಕಟ್ಟಿಹಾಕಬೇಕು ಅಂತೇನಿಲ್ಲ, ನಮ್ಮದು ಅದಕ್ಕಿಂತ ಜೋರಾಗಿಯೇ ಇದೆ. ಟ್ರೂ ಪೀಕ್ (ಸದ್ದು ಮುಟ್ಟುವ ಅತಿ ಎತ್ತರದ ಮಟ್ಟ) ಮಾತ್ರ ಮೈನಸ್ 1 ಡೆಸಿಬಲ್ ಒಳಗೆ. ಒಂದು ಮಾತು ಮೊದಲೇ ಕೇಳಿಕೊಳ್ಳಿ: ಎಷ್ಟು ಸಲ ತಿದ್ದಿಕೊಡುತ್ತಾರೆ? ನನ್ನ ಒಪ್ಪಂದದಲ್ಲಿ ಎರಡು ಸಲ ಇತ್ತು, ನನಗೆ ಮೂರು ಬೇಕಾಯಿತು, ಮೂರನೆಯದಕ್ಕೆ ಬೇರೆ ದುಡ್ಡು. ಬೈಗುಳ ತೆಗೆದ ಆವೃತ್ತಿ ಮತ್ತು ಬರೀ ಬೀಟ್ ಇರುವ ಆವೃತ್ತಿಯನ್ನೂ ಅದೇ ವೇಳೆಗೆ ಮಾಡಿಸಿಕೊಳ್ಳಿ. ಆರು ತಿಂಗಳ ನಂತರ ಕೇಳಿದರೆ ಪ್ರಾಜೆಕ್ಟ್ ಹುಡುಕುವುದೇ ಒಂದು ಕೆಲಸ.

ಹಾಡು ರೆಡಿ. ಈಗ ಫಾರ್ಮ್.

ಡಿಸ್ಟ್ರಿಬ್ಯೂಟರ್ ಅಂದರೆ ಹಾಡನ್ನು ಎಲ್ಲ ಆ್ಯಪ್‌ಗಳಿಗೆ ತಲುಪಿಸುವವರು. ಕೆಲವರು ವರ್ಷಕ್ಕಿಷ್ಟು ಅಂತ ತಗೊಳ್ಳುತ್ತಾರೆ, ಕೆಲವರು ಬರುವ ಹಣದಲ್ಲಿ ಪಾಲು. ವರ್ಷದ ಲೆಕ್ಕದವರಲ್ಲಿ ಕಟ್ಟುವುದು ನಿಲ್ಲಿಸಿದರೆ ಹಾಡು ಇಳಿಸಿಬಿಡುವವರೂ ಇದ್ದಾರೆ, ಷರತ್ತು ಓದಿ. ಗುರುತಿನ ಚೀಟಿ, ಬ್ಯಾಂಕ್ ವಿವರ, ತೆರಿಗೆ ಫಾರ್ಮ್ ಕೊಟ್ಟೆ. ಪ್ರತಿ ಹಾಡಿಗೂ ಬರೆದವರ, ಸಂಗೀತ ಮಾಡಿದವರ ಅಸಲಿ ಹೆಸರು ಬೇಕು, ರ‍್ಯಾಪ್ ಹೆಸರು ನಡೆಯಲ್ಲ. ಹಾಡಿಗೊಂದು ಐಎಸ್‌ಆರ್‌ಸಿ: 12 ಅಕ್ಷರ, ಅಂಕಿಗಳ ಗುರುತು, ಹೆಚ್ಚಿನ ಡಿಸ್ಟ್ರಿಬ್ಯೂಟರ್‌ಗಳು ತಾವೇ ಕೊಡುತ್ತಾರೆ. ಇಡೀ ಆಲ್ಬಮ್‌ಗೆ ಒಂದು ಬಾರ್‌ಕೋಡ್ ಸಂಖ್ಯೆ. ಒಂದು ಹಾಡನ್ನು ನಾನು ಮೊದಲೇ ಸಿಂಗಲ್ ಆಗಿ ಬಿಟ್ಟಿದ್ದೆ. ಆಲ್ಬಮ್‌ಗೆ ಸೇರಿಸುವಾಗ ಅದೇ ಫೈಲ್, ಅದೇ ಐಎಸ್‌ಆರ್‌ಸಿ ಹಾಕಬೇಕಿತ್ತು. ಹೊಸದು ಹಾಕಿದರೆ ಹಳೆಯ ಪ್ಲೇ ಸಂಖ್ಯೆ ಒಂದು ಕಡೆ, ಹೊಸದು ಒಂದು ಕಡೆ. ಸಬ್ಮಿಟ್ ಒತ್ತುವ ಹತ್ತು ನಿಮಿಷ ಮೊದಲು ಕಣ್ಣಿಗೆ ಬಿತ್ತು, ಪುಣ್ಯ.

ಮೂರು ಸಲ ತಿರಸ್ಕಾರ. ಮೊದಲ ಸಲ ಕವರ್ ಚಿತ್ರದ ಮೂಲೆಯಲ್ಲಿ ನನ್ನ ಇನ್‌ಸ್ಟಾಗ್ರಾಂ ಹೆಸರು ಇತ್ತು ಅಂತ. ಚಿತ್ರ 3000 ಗುಣಿಸು 3000 ಪಿಕ್ಸೆಲ್ ಚೌಕ ಇದ್ದರೆ ಸಾಕು ಅಂದುಕೊಂಡಿದ್ದೆ. ವಿಳಾಸ, ಕ್ಯೂಆರ್ ಕೋಡ್, ಬೇರೆ ಕಂಪನಿಯ ಗುರುತು ಯಾವುದೂ ಇರಬಾರದು. ಎರಡನೇ ಸಲ ಹಾಡಿನ ಹೆಸರಿನೊಳಗೆ ಗೆಳೆಯನ ಹೆಸರು ಸೇರಿಸಿದ್ದೆ ಅಂತ. ಜೊತೆಗೆ ಹಾಡಿದವರಿಗೆ ಬೇರೆ ಕಾಲಂ ಇದೆ. ಮೂರನೇ ಸಲ ಎರಡು ಹಾಡಿಗೆ, ಬೈಗುಳ ಇದೆ ಅಂತ ತಿಳಿಸುವ ಎಕ್ಸ್‌ಪ್ಲಿಸಿಟ್ ಗುರುತು ಹಾಕಿರಲಿಲ್ಲ. ಪ್ರತಿ ಸಲವೂ ನಾಲ್ಕೈದು ದಿನ ಕಾಯಬೇಕು. ಕಾರಣ ಹೇಳುವ ಮೇಲ್ ಮಾತ್ರ ಒಂದೇ ಸಾಲು. ಯಾವ ಹಾಡು, ಯಾವ ತಪ್ಪು ಅಂತ ನಾವೇ ಊಹಿಸಬೇಕು.

ತಾರೀಖಿನ ವಿಷಯದಲ್ಲಿ ನಾನೇ ಎಡವಿದೆ. ಅವಸರದಲ್ಲಿ ಹತ್ತು ದಿನ ಮುಂದಿನ ದಿನಾಂಕ ಇಟ್ಟು ಎಲ್ಲರಿಗೂ ಹೇಳಿಬಿಟ್ಟಿದ್ದೆ. ಸ್ಪಾಟಿಫೈ ಸಂಪಾದಕರಿಗೆ ಹಾಡು ಕೇಳಿಸಿ ಅಂತ ಕೋರಬೇಕಾದರೆ ಬಿಡುಗಡೆಗೆ ಕನಿಷ್ಠ ಏಳು ದಿನ ಮೊದಲು ಕಳಿಸಬೇಕು. ಅದೂ ಒಂದು ಸಲಕ್ಕೆ ಒಂದೇ ಹಾಡು, ಬಿಡುಗಡೆ ಆದ ಮೇಲೆ ಆ ಬಾಗಿಲು ಮುಚ್ಚಿತು. ತಿರಸ್ಕಾರಗಳ ಗಲಾಟೆಯಲ್ಲಿ ಆ ಏಳು ದಿನ ಕೈತಪ್ಪಿತು. ತಾರೀಖನ್ನು ನಾಲ್ಕು ವಾರ ಮುಂದೂಡಿದೆ. ಪೋಸ್ಟರ್ ಎಲ್ಲ ವ್ಯರ್ಥ. 'ಯಾವಾಗಪ್ಪಾ ನಿನ್ನ ಆಲ್ಬಮ್?' ಅಂತ ಕೇಳುವವರ ಮುಖ ತಪ್ಪಿಸಿಕೊಂಡು ಓಡಾಡಿದೆ. ಮಾಸ್ಟರ್ ಫೈಲ್ ಕೈಗೆ ಬರುವ ಮೊದಲು ಯಾರಿಗೂ ತಾರೀಖು ಹೇಳಬೇಡಿ. ಅದರಿಂದಾಚೆಗೆ ಆರು ವಾರ ಇಟ್ಟುಕೊಳ್ಳಿ.

ಬಿಡುಗಡೆಯ ರಾತ್ರಿ ಹನ್ನೆರಡಕ್ಕೆ ಆ್ಯಪ್ ತೆರೆದೆ. ಏಳು ಹಾಡು ಇದ್ದವು. ಎರಡು ಕಾಣೆ. ಹುಡುಕಿದರೆ ಅವು ನನ್ನದೇ ಹೆಸರಿನ ಬೇರೆ ಯಾರದೋ ಪುಟದಲ್ಲಿ ಕೂತಿದ್ದವು. ಆ ಮನುಷ್ಯ ಧ್ಯಾನದ ಸಂಗೀತ ಮಾಡುವವನು. ಅವನ ಅಭಿಮಾನಿಗಳು ಕಣ್ಣು ಮುಚ್ಚಿ ಉಸಿರು ಎಳೆದುಕೊಳ್ಳುವ ಹೊತ್ತಿಗೆ ನನ್ನ ಮೂರನೇ ಹಾಡು ಶುರುವಾಗಿದ್ದರೆ ಏನು ಮಾಡಿದರೋ. ಡಿಸ್ಟ್ರಿಬ್ಯೂಟರ್‌ಗೆ ನನ್ನ ಪುಟದ ಲಿಂಕ್, ಅವನ ಪುಟದ ಲಿಂಕ್, ಎರಡು ಹಾಡಿನ ಐಎಸ್‌ಆರ್‌ಸಿ ಕಳಿಸಿದೆ. ಐದು ದಿನಕ್ಕೆ ಸರಿಹೋಯಿತು. ಹದಿನೇಳು ತಿಂಗಳು ಕಾದ ಮೊದಲ ವಾರ ಹೀಗೆ ಹೋಯಿತು. ಹೆಸರು ಇಟ್ಟುಕೊಳ್ಳುವ ಮುಂಚೆ ಆ ಹೆಸರಲ್ಲಿ ಇನ್ನೊಬ್ಬರು ಇದ್ದಾರಾ ಅಂತ ಎರಡು ನಿಮಿಷ ಹುಡುಕಿ ನೋಡಿ.

ಆರನೇ ಹಾಡಿನ ವೀಡಿಯೋ ಯೂಟ್ಯೂಬ್‌ಗೆ ಹಾಕಿದ ಒಂದೇ ಗಂಟೆಗೆ ಕಂಟೆಂಟ್ ಐಡಿ (ಯೂಟ್ಯೂಬ್ ತಾನೇ ಹಾಡು ಗುರುತಿಸುವ ವ್ಯವಸ್ಥೆ) ಕ್ಲೇಮ್. ಇದು ಬೇರೆಯವರ ಹಾಡು ಅಂತ. ಹಳೇ ರೆಕಾರ್ಡ್‌ನವರು ಅಂದುಕೊಂಡು ಕೈಕಾಲು ತಣ್ಣಗಾಯಿತು. ಅಲ್ಲ. ನಾನು ಹಾಕಿದ್ದ ಆ ಲೂಪ್ ಪ್ಯಾಕ್‌ನ ಕೊಳಲನ್ನೇ ಇನ್ನೊಬ್ಬರು ತಮ್ಮ ಹಾಡಿಗೂ ಹಾಕಿಕೊಂಡು, ಅದನ್ನು ತಮ್ಮದು ಅಂತ ಕಂಟೆಂಟ್ ಐಡಿಯಲ್ಲಿ ನೋಂದಾಯಿಸಿದ್ದರು. ಪ್ಯಾಕ್ ಕೊಂಡ ಯಾರು ಬೇಕಾದರೂ ಬಳಸಬಹುದಾದ ತುಣುಕು ಅದು, ಅದನ್ನು ಹಾಗೆ ನೋಂದಾಯಿಸುವ ಹಾಗಿಲ್ಲ. ಲೈಸೆನ್ಸ್ ಪತ್ರ, ಕೊಂಡ ದಿನದ ರಸೀದಿ ಎರಡರ ವಿವರವನ್ನೂ ಬರೆದು ತಕರಾರು ಹಾಕಿದೆ. ಎದುರಿನವರಿಗೆ ಉತ್ತರಿಸಲು 30 ದಿನ ಸಮಯ ಇರುತ್ತದೆ. 19ನೇ ದಿನ ಬಿಟ್ಟುಕೊಟ್ಟರು. ರಸೀದಿ ಸಿಕ್ಕಿದ್ದು ಹಳೇ ಮೇಲ್‌ನ ಕಸದಬುಟ್ಟಿಯಲ್ಲಿ, ಇನ್ನು ಸ್ವಲ್ಪ ದಿನ ಬಿಟ್ಟಿದ್ದರೆ ತಾನೇ ಅಳಿಸಿಹೋಗುತ್ತಿತ್ತು. ಈಗ ಪ್ರತಿ ಹಾಡಿಗೂ ಒಂದು ಫೋಲ್ಡರ್: ಲೂಪ್‌ಗಳ ಲೈಸೆನ್ಸ್, ಪಾಲಿನ ಪತ್ರ, ಸಾಲುಗಳು, ಮಾಸ್ಟರ್, ಎಲ್ಲ ಒಂದೇ ಕಡೆ, ಎರಡು ಡಿಸ್ಕ್‌ನಲ್ಲಿ. ಕವರ್ ಫೋಟೋ ತೆಗೆದವರ ಅನುಮತಿ ಪತ್ರವೂ ಅಲ್ಲೇ.

ಖರ್ಚಿನ ಲೆಕ್ಕ ಕೇಳುತ್ತೀರಿ ಅಂತ ಗೊತ್ತು. ಒಟ್ಟು ಹಣದಲ್ಲಿ ಸುಮಾರು ಮೂರನೇ ಒಂದು ಭಾಗ ಮೈಕ್, ಅದನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಇಂಟರ್‌ಫೇಸ್, ಹೆಡ್‌ಫೋನ್‌ಗೆ. ಹೆಚ್ಚುಕಮ್ಮಿ ಅಷ್ಟೇ ಮಾಸ್ಟರಿಂಗ್‌ಗೆ. ಉಳಿದದ್ದು ಕವರ್ ಚಿತ್ರ, ಡಿಸ್ಟ್ರಿಬ್ಯೂಟರ್ ಶುಲ್ಕ, ಲೂಪ್ ಪ್ಯಾಕ್, ಎರಡು ವೀಡಿಯೋ. ವ್ಯರ್ಥ ಅನ್ನಿಸಿದ್ದು ಅರ್ಧ ಕೂಡ ಬಳಸದ, ರೆಕಾರ್ಡಿಂಗ್ ಸಾಫ್ಟ್‌ವೇರಿಗೆ ಸೇರಿಸುವ ಪ್ಲಗಿನ್‌ಗಳು, ಸಾಫ್ಟ್‌ವೇರ್ ಜೊತೆ ಬಂದವೇ ಸಾಕಿತ್ತು. ಮಾಸ್ಟರಿಂಗ್‌ಗೆ ಕೊಟ್ಟ ಒಂದು ಪೈಸೆಗೂ ಬೇಜಾರಿಲ್ಲ.

ಇನ್ನು ಬಂದದ್ದು. ರಿಪೋರ್ಟ್ ಎರಡು ಮೂರು ತಿಂಗಳು ತಡವಾಗಿಯೇ ಬರುತ್ತದೆ, ಗಾಬರಿ ಬೇಡ. 2024ರಿಂದ ಸ್ಪಾಟಿಫೈನಲ್ಲಿ ಹಿಂದಿನ ಹನ್ನೆರಡು ತಿಂಗಳಲ್ಲಿ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ ಹಣ ಇಲ್ಲ. ನನ್ನ ಒಂಬತ್ತರಲ್ಲಿ ನಾಲ್ಕು ಆ ಗೆರೆ ದಾಟಿವೆ. ಡಿಸ್ಟ್ರಿಬ್ಯೂಟರ್ ಕೊಡುವುದು ಧ್ವನಿಮುದ್ರಣದ ಪಾಲು ಮಾತ್ರ. ಸಾಲು ಮತ್ತು ಸಂಗೀತದ ಹಕ್ಕಿನ ಹಣಕ್ಕೆ, ಹಾಡು ಕಟ್ಟಿದವರ ಪರವಾಗಿ ಹಣ ವಸೂಲಿ ಮಾಡುವ ಹಕ್ಕು ಸಂಘದಲ್ಲಿ ಬೇರೆಯಾಗಿ ಹೆಸರು ನೋಂದಾಯಿಸಬೇಕು, ಅಲ್ಲೂ ಪ್ರತಿ ಹಾಡಿನ ಶೇಕಡಾವಾರು ಪಾಲು ಕೇಳುತ್ತಾರೆ. ಆ ಫಾರ್ಮ್ ಹೋದ ವಾರ ತುಂಬಿದೆ. ಈ ಸಲ ಸಹಿ ಹಾಕಿದ ಹಾಳೆ ಪಕ್ಕದಲ್ಲೇ ಇತ್ತು, ಹತ್ತು ನಿಮಿಷಕ್ಕೆ ಮುಗಿಯಿತು.

ಗೆರೆ ದಾಟಿದ ನಾಲ್ಕರಲ್ಲಿ ಗೆಳೆಯ ಹಾಡಿದ್ದೂ ಒಂದು. ಎಲ್ಲಕ್ಕಿಂತ ಜಾಸ್ತಿ ಓಡಿದ್ದೂ ಅದೇ, ಹುಕ್ ಬಗ್ಗೆ ಅವನು ಹೇಳಿದ್ದೇ ಸರಿ. ಈ ಹಣಕ್ಕೂ ಅದೇ 35 ಅಂತ ಆಗಲೇ ಮಾತಾಗಿತ್ತು. ಲೆಕ್ಕ ಹಾಕಿ, ಎರಡು ಸಲ ಕೂಡಿಸಿ ನೋಡಿ, ಅವನಿಗೆ ಕಳಿಸಿದೆ. ಐದು ನಿಮಿಷಕ್ಕೆ ಫೋನ್ ಬಂತು.

'ಲೋ ಮಗಾ, ಇಷ್ಟಕ್ಕಾ ನಾವು ಎರಡು ವಾರ ಮಾತು ಬಿಟ್ಟಿದ್ದು?'